ಎರಡೂ ಸಾಲಿನಲ್ಲಿ ಒಂದೇ ಹೆಸರು

ಜೂನ್ 2, ಸೋಮವಾರ, ಬೆಳಗ್ಗೆ 9 ಗಂಟೆ 10 ನಿಮಿಷ. ಲಾನೊ ವರ್ಡೆ ಊರಿನ ಶೆರಿಫ್ ಠಾಣೆಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಇಲ್ದಾ ಟೋಸ್ಟೆ ಒಳಗೆ ಬಂದಳು. ಅವಳ ಒಂದು ಕೈಯಲ್ಲಿ ಲಕೋಟೆ, ಇನ್ನೊಂದು ಕೈಯಲ್ಲಿ ಗಂಡನ ತೋಳು. ಗಂಡ ಸೆರಾಫಿಂ ಎಡಗಾಲಿಗೆ ರಬ್ಬರ್ ಬೂಟು ಹಾಕಿಕೊಂಡಿದ್ದ. ಬಲಗಾಲಿಗೆ ಬೂಟು ಹಿಡಿಸದಷ್ಟು ದಪ್ಪಗೆ ಬಿಳಿ ಪಟ್ಟಿ ಸುತ್ತಿತ್ತು. ನಲವತ್ತು ವರ್ಷ ಹಾಲು ಕರೆದ ಮನುಷ್ಯ. ಠಾಣೆಯೊಳಗೂ ಕೊಟ್ಟಿಗೆಯ ವಾಸನೆ ಅವನ ಜೊತೆಗೇ ಬಂತು.

"ಲೂಸಿಯೊ, ಇದನ್ನ ಓದು. ಎರಡು ಸಲ ಓದು," ಎಂದು ಇಲ್ದಾ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

ಸಾರ್ಜೆಂಟ್ ಲೂಸಿಯೊ ಅವಿಲಾ ಆ ಠಾಣೆಯ ತನಿಖಾಧಿಕಾರಿ. ಅವನು ಅವಳ ಕಣ್ಣೆದುರಿಗೇ ಬೆಳೆದವನು. ಊರಿನ ಹಿರಿಯ ಹೆಂಗಸರನ್ನೆಲ್ಲ ಕರೆಯುವ ಹಾಗೆ ಅವಳನ್ನೂ 'ತೀಯಾ' ಎಂದೇ ಕರೆಯುತ್ತಿದ್ದ.

"ಕೂತ್ಕೊಳ್ಳಿ ತೀಯಾ. ಸೆರಾಫಿಂ, ಕಾಲು ಹೇಗಿದೆ?"

"ನನ್ನ ಕೇಳ್ಬೇಡ. ಅದು ಈಗ ನನ್ನ ಕಾಲಲ್ಲ, ಇವಳ ಕಾಲು. ಊರೆಲ್ಲ ಅದರ ಸುದ್ದಿ ಹೇಳ್ಕೊಂಡು ತಿರುಗ್ತಾಳೆ," ಎಂದ ಸೆರಾಫಿಂ.

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಎರಡು ಬೆರಳು ಕಪ್ಪಾಗಿವೆ, ಇವರಿಗೆ ತಮಾಷೆ!"

ಅವಿಲಾ ಕಾಗದ ಬಿಡಿಸಿದ. ಬೊರ್ಬಾ ವೈದ್ಯಶಾಲೆಯಿಂದ ಬಂದ ಪತ್ರ. ಅದರಲ್ಲಿ ಎರಡೇ ಸಾಲು ಮುಖ್ಯವಾದವು. ಮೊದಲನೆಯದು: 'ಕೋರಿಕೆ: ರೋಗಿಯನ್ನು ಕೂಡಲೇ ಫ್ರೆಸ್ನೊದ ರಕ್ತನಾಳದ ತಜ್ಞರ ಬಳಿ ಕಳಿಸಬೇಕು. ಡಾ. ಅನ್ಸೆಲ್ಮೊ ಬೊರ್ಬಾ.' ಎರಡನೆಯದು: 'ತೀರ್ಮಾನ: ಅಗತ್ಯವಿಲ್ಲ. ಪಟ್ಟಿ ಬದಲಾಯಿಸುತ್ತಿದ್ದರೆ ಸಾಕು. ಡಾ. ಅನ್ಸೆಲ್ಮೊ ಬೊರ್ಬಾ. ಮೇ 14, ಸಂಜೆ 7.12.'

ಅವಿಲಾ ಎರಡನೆಯ ಸಲ ಓದಿದ.

"ಕಳಿಸ್ಬೇಕು ಅಂದೋರೂ ಅವರೇ, ಬೇಡ ಅಂದೋರೂ ಅವರೇ. ಆ ಹೊತ್ತು ನೋಡು ಮಗಾ. ಮೇ ಹದಿನಾಲ್ಕು, ಬುಧವಾರ. ಆ ವಾರ ಕಿರೀಟ ಯಾರ ಮನೇಲಿತ್ತು?" ಎಂದಳು ಇಲ್ದಾ.

"ನಿಮ್ಮನೇಲಿ."

"ಏಳು ಹನ್ನೆರಡಕ್ಕೆ ಡಾಕ್ಟ್ರು ಎಲ್ಲಿದ್ರು?"

ಅವಿಲಾ ಕಾಗದವನ್ನು ನಿಧಾನವಾಗಿ ಕೆಳಗಿಟ್ಟ. ಆಮೇಲೆ ತನ್ನ ಕೈಕೆಳಗಿನ ಡೆಪ್ಯುಟಿ ಮೀ ಶಿಯಾಂಗ್‌ಳನ್ನು ಕರೆದು, ದೂರು ಬರೆದುಕೊಳ್ಳುವಂತೆ ಹೇಳಿದ. ಅವಳು ಮರ್ಸೆಡ್ ಕಡೆಯವಳು, ವಲಸೆ ಬಂದು ನೆಲೆಸಿದ ಹ್ಮಾಂಗ್ ಜನಾಂಗದವಳು. ಈ ಊರಿಗೆ ಬಂದು ಎರಡು ವರ್ಷವಾಗಿತ್ತು.

"ಕಿರೀಟ ಅಂದ್ರೆ?" ಎಂದು ಶಿಯಾಂಗ್ ಕೇಳಿದಳು.

"ಪವಿತ್ರಾತ್ಮದ ಕಿರೀಟ ಕಣಮ್ಮ," ಎಂದಳು ಇಲ್ದಾ. "ಈಸ್ಟರ್‌ನಿಂದ ಪೆಂಟೆಕೋಸ್ಟ್ ಹಬ್ಬದವರೆಗೆ ಏಳು ವಾರ. ವಾರಕ್ಕೊಂದು ಮನೆ. ದಿನಾ ಸಂಜೆ ಏಳಕ್ಕೆ ಅದರ ಮುಂದೆ ಎಲ್ಲರೂ ಮಂಡಿಯೂರಿ ಜಪಸರ ಹೇಳ್ತೀವಿ. ನಮ್ಮನೇಲಿ ಹೇಳಿಸಿದ್ದು ಡಾಕ್ಟ್ರೇ. ಫೋನೆಲ್ಲ ಬಾಗಿಲ ಹತ್ರ ಬುಟ್ಟೀಲಿ. ಬುಟ್ಟಿಗೆ ಹಾಕಿಸಿದ್ದು ನಾನೇ."

"ತುರ್ತು ಚಿಕಿತ್ಸೆಗೆ ಹೋಗಿದ್ರಾ?"

"ಎರಡು ಸಲ. ಔಷಧಿ ಕೊಟ್ಟು, ಮುಂದಿನದಕ್ಕೆ ನಿಮ್ಮ ವೈದ್ಯಶಾಲೆಯ ಒಪ್ಪಿಗೆ ತನ್ನಿ, ಇಲ್ಲದಿದ್ರೆ ವಿಮೆ ಒಪ್ಪಲ್ಲ ಅಂತ ವಾಪಸ್ ಕಳಿಸಿದ್ರು. ಪಟ್ಟಿ ಕಟ್ಟೋ ನರ್ಸ್ ಮೊನ್ನೆ ಹೇಳಿದಳು, ಇನ್ನೊಂದು ವಾರ ಹೀಗೇ ಬಿಟ್ರೆ ಪಾದಾನೇ ತೆಗೀಬೇಕಾಗುತ್ತೆ ಅಂತ."

ಸೆರಾಫಿಂ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. "ಒಂಟಿ ಕಾಲಲ್ಲಿ ಹಸು ಹತ್ರ ಹೋದ್ರೆ ಅದೇ ನಗುತ್ತೆ," ಎಂದ.

9.50ಕ್ಕೆ ದೂರು ದಾಖಲಾಯಿತು.

ಅವಿಲಾ ಜಿಲ್ಲೆಯ ಸರಕಾರಿ ವಕೀಲೆಗೆ ಫೋನು ಮಾಡಿದ. ಬೊರ್ಬಾ ವೈದ್ಯಶಾಲೆಯ ಆಡಳಿತವನ್ನು ನಾಲ್ಕು ವರ್ಷದಿಂದ ಇರ್ವೈನ್ ನಗರದ ಒಂದು ಕಂಪನಿ ನೋಡಿಕೊಳ್ಳುತ್ತಿರುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದರಲ್ಲಿ ತಪ್ಪೇನಾದರೂ ಇದೆಯೇ ಎಂದು ಕೇಳಿದ.

"ಕಂಪನಿ ಕಟ್ಟಡ ಇಟ್ಕೋಬಹುದು, ಕುರ್ಚಿ ಕೊಡಬಹುದು, ಸಿಬ್ಬಂದಿ ನೇಮಿಸಬಹುದು," ಎಂದಳು ವಕೀಲೆ. "ಈ ರಾಜ್ಯದಲ್ಲಿ ವೈದ್ಯಶಾಲೆಯ ಒಡೆತನ ಮಾತ್ರ ವೈದ್ಯನದೇ ಆಗಿರ್ಬೇಕು. ರೋಗಿಗೆ ಏನು ಬೇಕು, ಏನು ಬೇಡ ಅನ್ನೋ ತೀರ್ಮಾನವಂತೂ ಪರವಾನಗಿ ಇರೋ ವೈದ್ಯನೇ ತಗೋಬೇಕು. ಆ ಸಾಲಿಗೆ ಬೇರೆಯವರು ಸಹಿ ಹಾಕಿದ್ರೆ ಅದು ಅಪರಾಧ. ಹಾಕೋಕೆ ಬಿಟ್ಟ ವೈದ್ಯನದೂ ಅಪರಾಧ."

"ಹಾಗಂತ ಸಾಬೀತಾದ್ರೆ ಈ ತೀರ್ಮಾನ?"

"ಬಿದ್ದುಹೋಗುತ್ತೆ. ಮೊದಲನೇ ಸಾಲು ನಿಲ್ಲುತ್ತೆ. ಆ ರೋಗಿಯನ್ನ ಅವತ್ತೇ ಫ್ರೆಸ್ನೊಗೆ ಕಳಿಸಬಹುದು. ಆದ್ರೆ ಡಾಕ್ಟರೇ 'ನಾನೇ ಹಾಕಿದ್ದು' ಅಂದ್ರೆ ನಾನೇನೂ ಮಾಡಲಾರೆ, ಸಾರ್ಜೆಂಟ್."

11.30ಕ್ಕೆ ಅವಿಲಾ ಮತ್ತು ಶಿಯಾಂಗ್ ವೈದ್ಯಶಾಲೆಗೆ ಹೋದರು. ಹೊರಗೆ ಹಳೆಯ ಬೋರ್ಡು ಹಾಗೆಯೇ ಇತ್ತು, ಕಂಪನಿಯ ಹೆಸರು ಎಲ್ಲೂ ಇರಲಿಲ್ಲ. ಒಳಗೆ ಏಳೆಂಟು ಜನ ಕಾಯುತ್ತಿದ್ದರು. ಡಾ. ಬೊರ್ಬಾ ಅವರಿಗೆ ಎಪ್ಪತ್ತನಾಲ್ಕು ವರ್ಷ. ಬಡಕಲು ದೇಹ, ಅಚ್ಚುಕಟ್ಟಾಗಿ ಬಾಚಿದ ಬಿಳಿ ಕೂದಲು. ಊರಿನ ಅರ್ಧದಷ್ಟು ಮಕ್ಕಳು ಅವರ ಕೈಯಲ್ಲೇ ಕಣ್ಣು ಬಿಟ್ಟವು.

ಅವಿಲಾ ಪತ್ರವನ್ನು ಮುಂದಿಟ್ಟ. ಡಾಕ್ಟರು ಕನ್ನಡಕ ಏರಿಸಿ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಎರಡೂ ಸಾಲು ನಿಮ್ಮದೇನಾ ಡಾಕ್ಟ್ರೇ?"

"ನಂದೇ."

"ಕಳಿಸಬೇಕು ಅಂದೋರು ಬೇಡ ಅಂದಿದ್ದು ಯಾಕೆ?"

"ಮತ್ತೆ ಯೋಚನೆ ಮಾಡಿದೆ. ಮನಸ್ಸು ಬದಲಾಯ್ತು."

"ಬೆರಳು ಕಪ್ಪಾಗಿವೆ. ಈಗೇನು ಹೇಳ್ತೀರಿ?"

"ಕಳಿಸಬೇಕು," ಎಂದರು ಡಾಕ್ಟರು, ತಕ್ಷಣ.

"ಹಾಗಾದ್ರೆ ಈಗಲೇ ಬದಲಾಯಿಸಿ. ಕಂಪ್ಯೂಟರ್ ಇಲ್ಲೇ ಇದೆ. ನಾನು ಕಾಯ್ತೀನಿ."

ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿದರು. ಕೀಲಿಗಳ ಮೇಲೆ ಕೈಯಿಟ್ಟರು. ಕೋರಿಕೆಗೆ ಹೆಸರು ಬರೆದರೆ ಸಾಕು; ತೀರ್ಮಾನಕ್ಕೆ ಸಹಿ ಹಾಕಬೇಕಾದರೆ ಪ್ರತಿ ವೈದ್ಯನಿಗೂ ಕೊಟ್ಟಿರುವ, ಬೆರಳುದ್ದದ ಒಂದು ಪುಟ್ಟ ಯಂತ್ರ ಬೇಕು. ಅದರಲ್ಲಿ ನಿಮಿಷಕ್ಕೊಮ್ಮೆ ಬದಲಾಗುವ ಆರು ಅಂಕಿಗಳನ್ನು ನೋಡಿ ತುಂಬಬೇಕು. ತೆರೆಯ ಮೇಲೆ ಆ ಖಾಲಿ ಜಾಗ ಮಿನುಗುತ್ತಿತ್ತು. ಡಾಕ್ಟರು ಖಾನೆ ತೆರೆದರು, ಮುಚ್ಚಿದರು.

"ಯಂತ್ರ ಕೆಟ್ಟಿದೆ," ಎಂದರು.

"ಎಲ್ಲಿದೆ? ತೋರಿಸಿ," ಎಂದಳು ಶಿಯಾಂಗ್.

"ರಿಪೇರಿಗೆ ಹೋಗಿದೆ ತಾಯಿ. ಹೊರಗೆ ಜನ ಕಾಯ್ತಿದ್ದಾರೆ."

ಹೊರಗೆ ಬಂದ ಮೇಲೆ ಅವಿಲಾ ಕಾರಿನ ಕೀಲಿಯನ್ನು ಶಿಯಾಂಗ್ ಕೈಗೆ ಕೊಟ್ಟ.

"ಶಿಯಾಂಗ್, ಈ ಕೇಸು ಇನ್ನು ನಿಂದು."

"ಯಾಕೆ ಸಾರ್ಜೆಂಟ್?"

"ಆವತ್ತು ಇಲ್ದಾ ಮನೇಲಿ ಅವರ ಹಿಂದೇನೇ ಮಂಡಿಯೂರಿದ್ದೆ. ಅವರ ಬೂಟಿನ ಅಡಿ ನನ್ನ ಕಣ್ಣ ಮುಂದಿತ್ತು. ನಾನು ಸಾಕ್ಷಿ. ಸಾಕ್ಷಿಯಾದೋನು ತನಿಖೆ ಮಾಡಬಾರದು."

"ಅದಷ್ಟೇ ಕಾರಣಾನಾ?"

"ಅಷ್ಟೇ ಅಂತ ಬರ್ಕೋ," ಎಂದ ಅವಿಲಾ.

ಮಧ್ಯಾಹ್ನ 12.40ಕ್ಕೆ ಅವನು ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ, ತನ್ನ ಹೇಳಿಕೆಯನ್ನು ಮೊದಲನೆಯ ಸಾಕ್ಷಿಯ ಹೇಳಿಕೆಯಾಗಿ ಶಿಯಾಂಗ್‌ಗೆ ಕೊಟ್ಟ.

ಅಂದು ಮಧ್ಯಾಹ್ನವೆಲ್ಲ ಶಿಯಾಂಗ್ ಮನೆಮನೆ ತಿರುಗಿದಳು. ಕಿರೀಟ ಮನೆಗೆ ಬಂದ ವಾರ ಯಾರು ಯಾರು ಬಂದರೆಂದು ಬರೆದಿಡುವುದು ಊರಿನ ರೂಢಿ. ಇಲ್ದಾಳ ಪುಸ್ತಕದಲ್ಲಿ ಆ ಬುಧವಾರ ಹದಿನಾಲ್ಕು ಹೆಸರುಗಳಿದ್ದವು. ಹೋದಲ್ಲೆಲ್ಲ ಅವಳಿಗೆ ಗಿಣ್ಣು, ಸಿಹಿ ಬ್ರೆಡ್ಡು ಸಿಕ್ಕವು. ಮಾತು ಮಾತ್ರ ಸುಲಭವಾಗಿ ಸಿಗಲಿಲ್ಲ.

"ಡಾಕ್ಟ್ರಿಗೆ ತೊಂದರೆ ಆಗುತ್ತಾ?" ಎಂದು ಹೈನುಗಾರ ಗಿಲ್ಬೆರ್ಟೊ ಬ್ರುಂ ಕೇಳಿದ.

"ನಿಜ ಹೇಳಿದ್ರೆ ಸೆರಾಫಿಂ ಕಾಲು ಉಳಿಯಬಹುದು."

"ನಾನು ಕೇಳಿದ್ದು ಅದಲ್ಲ."

"ಗೊತ್ತು. ಏಳು ಹನ್ನೆರಡಕ್ಕೆ ಡಾಕ್ಟ್ರು ಏನು ಮಾಡ್ತಿದ್ರು?"

ಬ್ರುಂ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬುಧವಾರ ಜಪಸರದಲ್ಲಿ ಮಹಿಮೆಯ ರಹಸ್ಯಗಳು, ಒಟ್ಟು ಐದು ಭಾಗ. ಏಳಕ್ಕೆ ಸರಿಯಾಗಿ ಶುರು. ಆ ಹೊತ್ತಿಗೆ ಮೂರನೇದು ನಡೀತಿತ್ತು, ಪವಿತ್ರಾತ್ಮ ಇಳಿದು ಬಂದದ್ದು. ಅವರು ಹೇಳ್ತಿದ್ರು, ನಾವು ಮುಗಿಸ್ತಿದ್ವಿ. ಎರಡೂ ಕೈ ಜೋಡಿಸಿದ್ರು, ಬೆರಳಲ್ಲಿ ಜಪಸರ. ಸಾಕಾ?"

ಸಂಜೆ 6.15ರ ವೇಳೆಗೆ ಹನ್ನೊಂದು ಹೇಳಿಕೆಗಳು ಸಿಕ್ಕವು. ಎಲ್ಲರ ಮಾತೂ ಒಂದೇ ಆಗಿತ್ತು.

ಜೂನ್ 3, ಮಂಗಳವಾರ. ಮಧ್ಯಾಹ್ನ 2 ಗಂಟೆಗೆ ಡಾ. ಬೊರ್ಬಾ ಕರೆದ ಕೂಡಲೇ ಠಾಣೆಗೆ ಬಂದರು. ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕರೆಸಿಕೊಳ್ಳುವ ಹಕ್ಕಿದೆ ಎಂದು ಶಿಯಾಂಗ್ ಓದಿ ಹೇಳಿದಳು. ವಕೀಲರು ಬೇಡ ಎಂದರು. ಅವಿಲಾ ಹೊರಗಿನ ಕೋಣೆಯಲ್ಲಿ ಬೇರೆ ಕಡತ ತೆರೆದು ಕುಳಿತಿದ್ದ. ಅರ್ಧ ಗಂಟೆಯಲ್ಲಿ ಒಂದು ಹಾಳೆಯನ್ನೂ ಅವನು ಮಗುಚಲಿಲ್ಲ.

"ಮೇ ಹದಿನಾಲ್ಕು, ಸಂಜೆ ಏಳು ಹನ್ನೆರಡು. ಎಲ್ಲಿದ್ರಿ?"

"ಟೋಸ್ಟೆ ಮನೇಲಿ. ಜಪಸರಕ್ಕೆ."

"ಹೇಳಿಸ್ತಿದ್ದೋರು?"

"ನಾನು."

"ಅದೇ ಹೊತ್ತಿಗೆ ಸೆರಾಫಿಂ ಟೋಸ್ಟೆಯ ಚಿಕಿತ್ಸೆ ಬೇಡ ಅಂತ ಸಹಿ ಹಾಕಿದ್ದು?"

"ನಾನೇ."

"ಹೇಗೆ?"

"ಫೋನಿನಲ್ಲಿ."

ಬುಟ್ಟಿಯ ಸಂಗತಿ ಶಿಯಾಂಗ್‌ಗೆ ಗೊತ್ತಿತ್ತು. ಹನ್ನೊಂದು ಜನರ ಹೇಳಿಕೆ ಅವಳ ಕಡತದಲ್ಲೇ ಇತ್ತು. ಅದನ್ನು ಎತ್ತಿ ಮೇಜಿನ ಮೇಲೆ ಬಡಿದು, ಮುದಿ ಡಾಕ್ಟರನ್ನು ಸುಳ್ಳುಗಾರರೆಂದು ನಿಲ್ಲಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಅವಳ ಅಜ್ಜಿ ಮನೆಯ ಗೋಡೆಗೆ ಚಿನ್ನದ ಕಾಗದ ಅಂಟಿಸಿ, ಅದನ್ನೇ ಮನೆದೇವರ ಜಾಗವೆಂದು ಧೂಪ ಹಾಕುತ್ತಿದ್ದಳು. ಅದರ ಮುಂದೆ ನಿಂತವರು ಏನು ಹೇಳಬಹುದು, ಏನು ಹೇಳಲಾರರು ಎಂಬುದು ಶಿಯಾಂಗ್‌ಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಅವಳು ಹೊಸ ಹಾಳೆ ತೆಗೆದುಕೊಂಡು ಬರೆದಳು. ಬರೆದದ್ದನ್ನು ನಿಧಾನವಾಗಿ ಓದಿದಳು.

"'ಸೆರಾಫಿಂ ಟೋಸ್ಟೆಯ ಮನೆಯಲ್ಲಿ, ಪವಿತ್ರಾತ್ಮದ ಕಿರೀಟದ ಮುಂದೆ ಮಂಡಿಯೂರಿ ಜಪಸರ ಹೇಳಿಸುತ್ತಿದ್ದಾಗ, ಮೂರನೆಯ ರಹಸ್ಯದ ನಡುವೆ ನಾನು ಪ್ರಾರ್ಥನೆ ಬಿಟ್ಟು ಫೋನು ಕೈಗೆತ್ತಿಕೊಂಡೆ. ಪಕ್ಕದಲ್ಲೇ ಮಂಡಿಯೂರಿದ್ದ ಆ ಮನುಷ್ಯನ ಕಾಲಿಗೆ ಚಿಕಿತ್ಸೆ ಬೇಡವೆಂದು ಸಹಿ ಹಾಕಿದೆ. ಆಮೇಲೆ ಪ್ರಾರ್ಥನೆ ಮುಂದುವರಿಸಿದೆ.' ಸರಿಯಾಗಿದೆಯಾ ಡಾಕ್ಟ್ರೇ?"

ಅವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು.

"ಸರಿಯಿದ್ರೆ ಇಲ್ಲಿ ಸಹಿ ಹಾಕಿ." ಪೆನ್ನನ್ನು ಮುಂದೆ ಸರಿಸಿದಳು.

ಡಾಕ್ಟರು ಪೆನ್ನು ತೆಗೆದುಕೊಂಡರು. ಹಾಳೆಯ ಮೇಲೆ ಕೈಯಿಟ್ಟರು. ಗೋಡೆಯ ಗಡಿಯಾರದಲ್ಲಿ 2.31 ಆಗಿತ್ತು, 2.34 ಆಯಿತು. ಸಾವಿರಾರು ಚೀಟಿಗಳಿಗೆ ಯೋಚಿಸದೆ ಸಹಿ ಹಾಕಿದ ಕೈ ಅಲ್ಲಿಯೇ ನಿಂತಿತ್ತು. ಕೊನೆಗೆ ಅವರು ಪೆನ್ನನ್ನು ಮಲಗಿಸಿದರು.

"ಕಾನೂನಿಗೆ ಸುಳ್ಳು ಹೇಳಿ ನಿಭಾಯಿಸ್ತೀನಿ ಅಂದ್ಕೊಂಡಿದ್ದೆ. ಇದಕ್ಕೆ ಕೈ ಬರಲ್ಲ ತಾಯಿ. ನಾನು ಹಾಕಲಿಲ್ಲ."

"ಯಾರು ಹಾಕಿದ್ದು?"

"ನಿಜ ಹೇಳಿದ್ರೆ ವೈದ್ಯಶಾಲೆಗೆ ಬೀಗ ಬೀಳುತ್ತೆ. ಮೂವತ್ತು ಮೈಲಿ ಸುತ್ತ ಬೇರೆ ಡಾಕ್ಟ್ರಿಲ್ಲ."

"ಸೆರಾಫಿಂ ಕಾಲಿಗೆ ಇನ್ನು ನಾಲ್ಕೈದು ದಿನ ಇದೆ. ಯಾರು?"

"ಯಂತ್ರ ಇರ್ವೈನ್‌ನಲ್ಲಿದೆ. ಕಂಪನಿಯ ಮೇನೇಜರು ಬ್ರೆಂಟ್ ಕಾಲ್ಡರ್‌ವುಡ್ ಹತ್ರ. ನಾಲ್ಕು ವರ್ಷದ ಹಿಂದೆ ನಾನೇ ಅಂಚೇಲಿ ಕಳಿಸಿದೆ."

"ಆತ ವೈದ್ಯನಾ?"

"ಅಲ್ಲ."

"ಸೆರಾಫಿಂದು ಬೇಡ ಅಂತ ಬಂದದ್ದು ಗೊತ್ತಾದಾಗ ಏನು ಮಾಡಿದ್ರಿ?"

"ಎರಡು ಸಲ ಫೋನು ಮಾಡಿದೆ. ನೋಡ್ತೀವಿ ಅಂದ್ರು. ಆಮೇಲೆ," ಎಂದು ನಿಲ್ಲಿಸಿ, "ಆಮೇಲೆ ಸುಮ್ಮನಾದೆ," ಎಂದರು.

3.05ಕ್ಕೆ ಹೇಳಿಕೆ ಸರಕಾರಿ ವಕೀಲೆಗೆ ತಲುಪಿತು. 4.20ಕ್ಕೆ ವಿಮೆಯವರು ಒಪ್ಪಿದರು. ಐದು ಗಂಟೆಗೆ ಸೆರಾಫಿಂನನ್ನು ಹೊತ್ತ ಗಾಡಿ ಫ್ರೆಸ್ನೊ ಕಡೆಗೆ ಹೊರಟಿತು. "ಸಂಜೆ ಹಾಲು ಕರೆಯೋ ಹೊತ್ತಿಗೇ ಕರ್ಕೊಂಡು ಹೋಗ್ತೀರಲ್ಲ, ನಿಮಗೆ ಹಸು ಅಂದ್ರೆ ಏನು ಅಂತ ಗೊತ್ತಾ?" ಎಂದು ಅವನು ಗಾಡಿಯವರನ್ನು ಬೈಯುತ್ತಿದ್ದ.

ಜೂನ್ 4, ಬುಧವಾರ. ನ್ಯಾಯಾಧೀಶರು ಸಹಿ ಮಾಡಿದ ಶೋಧನಾ ವಾರಂಟ್ ಹಿಡಿದು ಶಿಯಾಂಗ್ ಐದು ಗಂಟೆ ಕಾರು ಓಡಿಸಿ ಇರ್ವೈನ್ ತಲುಪಿದಳು. ಬೆಳಗ್ಗೆ 11.15ಕ್ಕೆ ಅಲ್ಲಿನ ಇಬ್ಬರು ಪೊಲೀಸರೊಂದಿಗೆ ಕಂಪನಿಯ ಮೂರನೆಯ ಮಹಡಿಗೆ ಹೋದಳು. ಗಾಜಿನ ಗೋಡೆಗಳ ಕಚೇರಿ. ಎಲ್ಲಿಯೂ ಔಷಧಿಯ ವಾಸನೆಯಿಲ್ಲ.

ಕಾಲ್ಡರ್‌ವುಡ್‌ನ ಮೇಜಿನ ಎರಡನೆಯ ಖಾನೆಯಲ್ಲಿ ಬೂಟಿನ ರಟ್ಟಿನ ಪೆಟ್ಟಿಗೆ ಇತ್ತು. ಮಹಜರಿನಲ್ಲಿ ಹೀಗೆ ದಾಖಲಾಯಿತು: ಪೆಟ್ಟಿಗೆಯಲ್ಲಿ ಅಂಕಿ ತೋರಿಸುವ ಪುಟ್ಟ ಯಂತ್ರಗಳು, ಒಟ್ಟು ಹನ್ನೆರಡು. ಪ್ರತಿಯೊಂದಕ್ಕೂ ಒಬ್ಬ ವೈದ್ಯರ ಹೆಸರು, ಒಂದು ಊರಿನ ಹೆಸರು ಬರೆದು ಅಂಟಿಸಿದೆ. ಏಳನೆಯದು: ಬೊರ್ಬಾ, ಲಾನೊ ವರ್ಡೆ. ಎಲ್ಲದರ ಅಂಕಿಗಳೂ ಬದಲಾಗುತ್ತಿವೆ.

ಕಾಲ್ಡರ್‌ವುಡ್‌ಗೆ ನಲವತ್ತಾರು ವರ್ಷ. ಸಭ್ಯ ಮನುಷ್ಯ, ಪೊಲೀಸರಿಗೆ ಕುರ್ಚಿ ಕೊಟ್ಟ, ನೀರು ಬೇಕೇ ಎಂದು ಕೇಳಿದ.

"ಇವುಗಳನ್ನ ಯಾರು ಬಳಸ್ತಾರೆ?"

"ನಾವು ವೈದ್ಯರಿಗೆ ನೆರವು ಕೊಡ್ತೀವಿ, ಅಷ್ಟೇ. ಅವರಿಗೆ ಕೆಲಸ ಜಾಸ್ತಿ."

"ಇಲ್ಲಿನ ದಾಖಲೆ ಪ್ರಕಾರ ಮೇ ಹದಿನಾಲ್ಕರ ಸಂಜೆ ನಿಮ್ಮ ಕಂಪ್ಯೂಟರಿನಿಂದ ಒಂದೇ ಗಂಟೇಲಿ ಒಂಬತ್ತು ಊರಿನ ವೈದ್ಯರು ಸಹಿ ಹಾಕಿದ್ದಾರೆ. ಅವರೆಲ್ಲ ಇಲ್ಲಿಗೆ ಬಂದಿದ್ರಾ?"

ಅವನು ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದ.

"ಸೆರಾಫಿಂ ಟೋಸ್ಟೆ ಯಾರು ಅಂತ ಗೊತ್ತಾ?"

"ಇಲ್ಲ. ನಾನು ಯಾರ ಮೈಯನ್ನೂ ಮುಟ್ಟಿಲ್ಲ, ಆಫೀಸರ್. ಒಬ್ಬ ರೋಗಿಯನ್ನೂ ಮುಟ್ಟಿಲ್ಲ."

"ಅದನ್ನೇ ಬರ್ಕೊಂಡಿದೀನಿ," ಎಂದಳು ಶಿಯಾಂಗ್.

12.05ಕ್ಕೆ, ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಉಳಿದ ಹನ್ನೊಂದು ಊರುಗಳ ಪಟ್ಟಿ ರಾಜ್ಯದ ವೈದ್ಯ ಮಂಡಳಿಗೆ ಹೋಯಿತು.

ಅದೇ ಮಧ್ಯಾಹ್ನ ಬೊರ್ಬಾ ವೈದ್ಯಶಾಲೆಯ ಬಾಗಿಲಿಗೆ ಮಂಡಳಿಯ ನೋಟೀಸು ಅಂಟಿತು. ಡಾ. ಬೊರ್ಬಾ ಇನ್ನು ರೋಗಿಗಳನ್ನು ನೋಡುವಂತಿಲ್ಲ, ವಾರಕ್ಕೆ ಎರಡು ದಿನ ಬೇರೆ ಊರಿನಿಂದ ಒಬ್ಬ ವೈದ್ಯೆ ಬರುವರೆಂದು ಅದರಲ್ಲಿತ್ತು. ಬಟ್ಟೆ ತೆಗೆದುಕೊಂಡು ಹೋಗಲು ಫ್ರೆಸ್ನೊದಿಂದ ಊರಿಗೆ ಬಂದಿದ್ದ ಇಲ್ದಾಳನ್ನು ಅಂಗಡಿಯಲ್ಲಿ ಒಬ್ಬಳು ತಡೆದು, "ಒಂದು ಕಾಲಿಗೋಸ್ಕರ ಊರಿನ ಡಾಕ್ಟ್ರನ್ನೇ ಹಿಡಿದುಕೊಟ್ಯಲ್ಲ," ಎಂದಳು. ಇಲ್ದಾ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ನಿನ್ನ ಗಂಡನ ಕಾಲಾಗಿದ್ರೆ?" ಎಂದಳು. ಆದರೆ ಮನೆಗೆ ಹೋಗಿ ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತು ಬಹಳ ಹೊತ್ತು ಅತ್ತಳೆಂದು ಆಮೇಲೆ ಅವಳೇ ಹೇಳಿದಳು. ಅವಳ ಇಬ್ಬರು ಹೆಣ್ಣುಮಕ್ಕಳೂ ಬೊರ್ಬಾ ಡಾಕ್ಟರ ಕೈಯಲ್ಲೇ ಹುಟ್ಟಿದವರು.

ಜೂನ್ 5, ಗುರುವಾರ, ಬೆಳಗ್ಗೆ 9 ಗಂಟೆ. ಡಾ. ಬೊರ್ಬಾ ಒಬ್ಬರೇ ನಡೆದುಕೊಂಡು ಠಾಣೆಗೆ ಬಂದು ಶರಣಾದರು. ಪರವಾನಗಿಯಿಲ್ಲದವನಿಗೆ ವೈದ್ಯವೃತ್ತಿ ನಡೆಸಲು ನೆರವಾದ ಆರೋಪ. ಶಿಯಾಂಗ್ ಬೆರಳಚ್ಚು ತೆಗೆದುಕೊಂಡಳು. ಅವಿಲಾ ಎದ್ದು ನಿಂತಿದ್ದ. ಅವರ ಕೋಟನ್ನು ತೆಗೆದುಕೊಂಡು ಮೊಳೆಗೆ ನೇತುಹಾಕಿದ.

"ಸೆರಾಫಿಂ?" ಎಂದು ಡಾಕ್ಟರು ಕೇಳಿದರು.

"ನಿನ್ನೆ ಆಪರೇಷನ್ ಆಯ್ತು. ಎರಡು ಬೆರಳು ಹೋದ್ವು. ಪಾದ ಉಳೀತು," ಎಂದಳು ಶಿಯಾಂಗ್.

"ಯಾವ ಬೆರಳು?"

"ಕಿರುಬೆರಳು, ಅದರ ಪಕ್ಕದ್ದು."

"ಹೆಬ್ಬೆರಳಿಗೆ ರಕ್ತ ಹರೀತಿದೆಯಂತಾ?"

"ಹರೀತಿದೆಯಂತೆ."

"ಹಾಗಾದ್ರೆ ತನ್ನ ಕಾಲ ಮೇಲೇ ನಿಲ್ತಾನೆ," ಎಂದು ಡಾಕ್ಟರು ಕಣ್ಣು ಮುಚ್ಚಿಕೊಂಡರು. ತುಟಿಗಳು ಸ್ವಲ್ಪ ಅಲುಗಿದವು. ಶಿಯಾಂಗ್ ಕಾದಳು.

"ಕೊನೇ ಪ್ರಶ್ನೆ. ಕಂಪನಿಗೆ ಹೆಸರು ಕೊಟ್ಟಿದ್ದು ಯಾಕೆ?"

"ಮೂರು ವರ್ಷ ಹುಡುಕಿದೆ ತಾಯಿ. ನನ್ನ ಜಾಗಕ್ಕೆ ಬರೋಕೆ ಒಬ್ಬ ಡಾಕ್ಟರೂ ಒಪ್ಪಲಿಲ್ಲ. ಬಾಗಿಲು ಮುಚ್ಚೋದು ಬೇಡ, ಹೆಸರು ನಿಮ್ಮದೇ ಇರಲಿ, ಉಳಿದದ್ದು ನಮಗೆ ಬಿಡಿ ಅಂದ್ರು."

"ಹೆಸರು ಕೊಟ್ಟಿದ್ದು ಸರಿ. ಯಂತ್ರ ಯಾಕೆ ಕಳಿಸಿದ್ರಿ? ಅದನ್ನ ನೀವೇ ಇಟ್ಕೋಬಹುದಿತ್ತಲ್ಲ?"

ಡಾಕ್ಟರು ತಮ್ಮ ಬೆರಳುಗಳ ತುದಿಯ ಕಪ್ಪು ಮಸಿಯನ್ನು ನೋಡಿಕೊಂಡರು.

"ಮೊದಲನೇ ತಿಂಗಳು ಕಂಪನಿಯಿಂದ ರೋಗಿಗಳ ಪಟ್ಟಿ ಬಂತು. ಖರ್ಚು ಉಳಿಸೋಕೆ ಹತ್ತರಲ್ಲಿ ಮೂರಕ್ಕೆ ಬೇಡ ಅನ್ನಬೇಕು ಅಂತ. ಹೆಸರು ನೋಡಿದೆ. ಒಬ್ಬಳ ಮದುವೇಲಿ ಕುಣಿದಿದ್ದೆ. ಒಬ್ಬನ ಅಪ್ಪನ ಕಣ್ಣು ನಾನೇ ಮುಚ್ಚಿದ್ದೆ. ಯಾರಿಗೆ ಅಂತ ಬೇಡ ಅನ್ನಲಿ? ಬೇಡ ಅನ್ನೋಕೂ ಆಗಲಿಲ್ಲ, ಅನ್ನಲ್ಲ ಅಂತ ಅವರಿಗೆ ಹೇಳೋಕೂ ಆಗಲಿಲ್ಲ. ಹೌದು ಅನ್ನೋದು ನನ್ನ ಕೈ, ಬೇಡ ಅನ್ನೋದು ಅವರ ಕೈ ಆಗಲಿ ಅಂತ ಲಕೋಟೆಗೆ ಹಾಕಿ ಕಳಿಸಿಬಿಟ್ಟೆ."

ಶಿಯಾಂಗ್ ಬರೆಯುತ್ತಿದ್ದಳು.

"ಆ ರಾತ್ರಿ," ಎಂದರು ಡಾ. ಬೊರ್ಬಾ, "ಬಹಳ ದಿನದ ಮೇಲೆ ಒಳ್ಳೇ ನಿದ್ದೆ ಬಂತು."

ಅದು ಪುರಾವೆಯೇನಲ್ಲ, ಮೊಕದ್ದಮೆಗೆ ಬೇಕಾದದ್ದೂ ಅಲ್ಲ. ಆದರೂ ಶಿಯಾಂಗ್ ಅದನ್ನು ಬಿಡದೆ ಬರೆದುಕೊಂಡಳು.